ನಾಯ್ಕರ ಹೋಟೆಲಿನ ಫಾರಿನ್ ಮೀನು

ಮೀನು ಹಿಡಿಯುವುದು ನಮಗೆ ಗೊತ್ತು. ಹೆಚ್ಚುವುದು, ಒಣಗಿಸುವುದು, ಮಾರುವುದು, ಮಾರಿ ಉಳಿದದ್ದನ್ನು ಸಾರು ಮಾಡಿ ಉಣ್ಣುವುದೂ ಗೊತ್ತು. ಮೀನು ಸಾಕುವುದು ಎಂಬ ಮಾತನ್ನು ಮಾತ್ರ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕೇಳಿರಲಿಲ್ಲ. ಹಾಗಿರುವಾಗ ಹೊನ್ನಾವರ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುತ್ತಿದ್ದ ಮಾಬ್ಲೇಶ್ವರ ನಾಯ್ಕರು ಗಲ್ಲೆಯ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ತಂದಿಟ್ಟು, ನಿಮ್ಮಂಥ ಮೊಗೇರ ಮೀನುಗಾರರಿಗಿಂತ ಮೀನಿನ ವಿಷಯ ಇನ್ಯಾರಿಗೆ ಗೊತ್ತು ಎಂದು ಅದರ ಉಸ್ತುವಾರಿಯನ್ನು ನನ್ನ ಗಂಡನಿಗೆ ಒಪ್ಪಿಸಿದರು. ಬೆಕ್ಕನ್ನು ಕರೆದು ಹಾಲು ಕಾಯಲು ಕೂರಿಸಿದ ಹಾಗೆ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ ನನ್ನ ಅತ್ತೆ ಮಾಸ್ತಮ್ಮ. ಹೇಳದಿದ್ದರೆ ಯಾರ ಕಥೆಯೆಂದು ನಿಮಗೆ ತಿಳಿಯುವುದು ಹೇಗೆ? ಶಿವ. ಒಂದು ಸಲ ಹೇಳಿದೆ, ಆತು. ಇನ್ನು ಮೇಲೆ ನಮ್ಮವರು ಎಂದೇ ಹೇಳುತ್ತೇನೆ. ನಾನು ದುರ್ಗಿ. ನಾಯ್ಕರ ಅಡಿಗೆಮನೆಯಲ್ಲಿ ಮೀನು ಹೆಚ್ಚುವುದು, ಕಾಯಿ ಅರೆಯುವುದು ನನ್ನ ಕೆಲಸ. ನಮ್ಮವರು ಹೊರಗೆ ಟೇಬಲ್ ಒರೆಸಿ ಊಟ ಬಡಿಸುತ್ತಿದ್ದರು. ಅತ್ತೆ ಬಂದರದಿಂದ ಬುಟ್ಟಿಯಲ್ಲಿ ಮೀನು ಹೊತ್ತು ಮನೆಮನೆಗೆ ಮಾರಿ, ಹೋಟೆಲಿಗೂ ಕೊಡುತ್ತಿದ್ದರು. ಮೂವರೂ ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಇದ್ದೆವು.

ನಾವು ಮಾವಳ್ಳಿಯವರು. ಅಲ್ಲಿ ಮನೆಯ ಹಿಂದೆಯೇ ಕಡಲು. ನಮ್ಮವರೂ ಅವರ ಅಣ್ಣ ಗಣಪನೂ ಒಂದೇ ದೋಣಿಯಲ್ಲಿ ಹೋಗುತ್ತಿದ್ದರು. ಒಂದು ಮಳೆಗಾಲದಲ್ಲಿ, ಮಳೆ ಸ್ವಲ್ಪ ಬಿಟ್ಟಿತೆಂದು, ಶೆಟ್ಲಿ ಸಿಗಡಿಯ ಆಸೆಗೆ ದೋಣಿ ಇಳಿಸಿದರು. ಮುರ್ಡೇಶ್ವರದ ಗುಡ್ಡದಾಚೆ ದೋಣಿ ಮಗುಚಿತು. ನಮ್ಮವರು ಅಣ್ಣನ ಅಂಗಿ ಹಿಡಿದುಕೊಂಡೇ ಈಜಿದರಂತೆ. ದಡಕ್ಕೆ ಬಂದಾಗ ಕೈಯಲ್ಲಿ ಅಂಗಿಯ ತೋಳು ಇತ್ತು, ಗಣಪ ಭಾವ ಇರಲಿಲ್ಲ. ಹೆಣವೂ ಸಿಗಲಿಲ್ಲ. ದಿನಕರ್ಮ ಮುಗಿದ ಸಂಜೆ ನಾನು ನಮ್ಮವರ ಕೈ ಹಿಡಿದು ನನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಹಾಕಿಸಿದೆ. ಇನ್ನು ದೋಣಿ ಹತ್ತುವುದಿಲ್ಲ ಎಂದು. ಕಡಲ ಸದ್ದೇ ಕೇಳದ ಜಾಗ ಬೇಕು ಎಂದು ಹಟ ಹಿಡಿದು ಹೊನ್ನಾವರದ ಪೇಟೆಗೆ ಕರೆತಂದವಳೂ ನಾನೇ. ಬಸ್ಸಿನ ಹಾರ್ನು ಕೇಳುತ್ತಿದ್ದರೆ ನನಗೆ ಸುಖವಾಗಿ ನಿದ್ರೆ ಬರುತ್ತಿತ್ತು.

ನಿದ್ರೆ ಬರದಿದ್ದದ್ದು ಅವರಿಗೆ. ಮಲಗಿದಲ್ಲೇ ಹೊರಳುತ್ತಿದ್ದರು, ನಿದ್ರೆಯಲ್ಲಿ ಎರಡೂ ಕೈ ಬಲೆ ಎಳೆಯುತ್ತಿದ್ದವು. ಹಗಲಲ್ಲಿ ಕಾಲು ಸುಟ್ಟ ಬೆಕ್ಕು. ಒಂದು ಟೇಬಲ್ ಒರೆಸಿ ಬಾಗಿಲಿಗೆ ಹೋಗಿ ಆಕಾಶ ನೋಡುವುದು, ಇನ್ನೊಂದು ಒರೆಸಿ ಮತ್ತೆ ಬಾಗಿಲಿಗೆ. ಗಾಳಿ ತಿರುಗಿದರೆ ಊಟ ಬಡಿಸುವ ಕೈ ಅರ್ಧದಲ್ಲಿ ನಿಲ್ಲುತ್ತಿತ್ತು. ನಾಯ್ಕರು ಬೈಯುತ್ತಿದ್ದರು. ನಾನು ಒಳಗಿಂದಲೇ ದೇವರಿಗೆ ಕೈಮುಗಿಯುತ್ತಿದ್ದೆ. ಓದು ಬರಹ ಇಲ್ಲದ, ಹೊಲ ಗದ್ದೆ ಇಲ್ಲದ ಗಂಡಸಿಗೆ ಈ ಕೆಲಸ ಹೋದರೆ ಮತ್ತೆ ಕಡಲೇ ಗತಿ. ನನಗೆ ಆ ಹೋಟೆಲಿನ ಮೇಲೆ ಇದ್ದ ಭಕ್ತಿ ಯಾವ ದೇವಸ್ಥಾನದ ಮೇಲೂ ಇರಲಿಲ್ಲ.

ಅತ್ತೆಯದು ಇನ್ನೊಂದು ತರಹ. ಅವರು ಅತ್ತದ್ದನ್ನು ನಾನು ಕಂಡಿಲ್ಲ. ಆದರೆ ಅನ್ನಕ್ಕೆ ಅಕ್ಕಿ ಹಾಕುವಾಗ ನಮ್ಮ ಮೂವರ ಪಾಲು ಹಾಕಿ, ಮೇಲೊಂದು ಹಿಡಿ ಹಾಕುತ್ತಿದ್ದರು. ಇದು ಯಾರಿಗೆ ಎಂದು ಕೇಳಿದರೆ ಬಾಯಿಗೆ ಬೀಗ. ಬೆಳಿಗ್ಗೆ ಅದು ತಂಗಳಾಗಿ ಕಾಗೆ ಕೋಳಿಗಳ ಪಾಲು. ಹೋಟೆಲಿನಲ್ಲಿ ಅರೆದು ಅರೆದು ರಟ್ಟೆ ಬಿದ್ದುಹೋದವಳಿಗೆ ಅನ್ನ ಚೆಲ್ಲುವುದು ಕಂಡರೆ ಮೈ ಉರಿಯುತ್ತಿತ್ತು. ಎಷ್ಟೋ ಸಲ ಜಗಳ ಮಾಡಿದ್ದೇನೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ.

ಇನ್ನು ಮೀನಿನ ವಿಷಯ. ನಾಯ್ಕರ ಭಾವ ಬೊಂಬಾಯಿಯಲ್ಲಿ ಇದ್ದರು. ಅಲ್ಲಿ ದೊಡ್ಡ ಹೋಟೆಲುಗಳಲ್ಲಿ ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಮೀನು ಇಡುತ್ತಾರೆಂದು, ಲಾರಿಯಲ್ಲಿ ಪೆಟ್ಟಿಗೆ, ಗಾಳಿಯ ಪಂಪು, ಪ್ಲಾಸ್ಟಿಕ್ ಚೀಲದಲ್ಲಿ ಮೀನು ಎಲ್ಲ ಕಳಿಸಿದ್ದರು. ಕೆಂಪು ಮೀನು, ಪಟ್ಟೆ ಮೀನು, ಜೊತೆಗೆ ಇದೊಂದು. ಮೈ ಬೆಳ್ಳಿ, ಹೊಟ್ಟೆಯಡಿಯ ರೆಕ್ಕೆಗಳು ಕಾಡಿಗೆ ಕಪ್ಪು, ಅವುಗಳ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಬಿಳುಪು, ಬಾಯಿಯ ಸುತ್ತ ಮೀಸೆ. ಒಂದು ಗೇಣಿಗೆ ಸ್ವಲ್ಪ ಕಮ್ಮಿ ಉದ್ದ. ಅಂಗಡಿಯವನು ಅದಕ್ಕೆ ಶಾರ್ಕ್ ಎಂದು ಹೆಸರು ಹೇಳಿದ್ದನಂತೆ, ಫಾರಿನ್ನಿಂದ ಬಂದದ್ದಂತೆ. ಊಟಕ್ಕೆ ಬಂದವರೆಲ್ಲ ಒಂದೊಂದು ಹೇಳಿದರು. ಗೇರುಸೊಪ್ಪದಿಂದ ಬಂದವರು ಇದು ಹೊಳೆಯ ಮೀನೇ ಎಂದರು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ದುಬೈಯಲ್ಲಿ ಇಂಥದ್ದನ್ನು ಕಂಡಿದ್ದೇನೆ ಎಂದರು. ನಾಯ್ಕರಿಗೆ ದುಬೈ ಹೆಚ್ಚು ಹಿಡಿಸಿತು.

ಅತ್ತೆ ಬುಟ್ಟಿ ಇಳಿಸಿ ಗಾಜಿಗೆ ಮೂಗು ತಾಗಿಸಿ ನೋಡಿದರು. ಮೀಸೆ ಇದೆಯಲ್ಲ ಅತ್ತೆ, ನಮ್ಮ ಕಡಲಿನ ಯಾವುದಾದರೂ ಜಾತಿಯಾ ಎಂದು ಕೇಳಿದೆ. "ಮೀಸೆ ಇದ್ದವ್ರೆಲ್ಲ ನಮ್ ನೆಂಟ್ರಾ?" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ನಮ್ಮವರು ಬಟ್ಟೆಯಿಂದ ಗಾಜು ಒರೆಸುತ್ತ ನಿಂತಿದ್ದರು.

ಸಾಕುವುದು ಸುಲಭವಾಗಿರಲಿಲ್ಲ. ಬಾವಿಯ ನೀರನ್ನು ಹಿಂದಿನ ದಿನವೇ ಸೇದಿಟ್ಟು, ಅರ್ಧ ಬಕೆಟು ತೆಗೆದರೆ ಅರ್ಧ ಬಕೆಟು ಹಾಕಬೇಕು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಆಗ ಚೆಂಬಿನಿಂದ ನೀರು ಎತ್ತಿ ಎತ್ತಿ ಹೊಯ್ಯಬೇಕು. ಬೊಂಬಾಯಿಯಿಂದ ಬಂದ ಪುಡಿ ಚಿಟಿಕೆ ಚಿಟಿಕೆ ಹಾಕಬೇಕು. ಇದೆಲ್ಲ ನಮ್ಮವರು ಮಾಡುತ್ತಿದ್ದರು. ಆದರೆ ಆ ಮೀಸೆಯ ಮೀನಿಗೆ ಮಾತ್ರ ಒಂದು ಕ್ಷಣ ನೆಮ್ಮದಿ ಇರಲಿಲ್ಲ. ಗಾಜಿನ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಲ್ಲಿ ಮೇಲಕ್ಕೆ, ಕೆಳಕ್ಕೆ, ಮತ್ತೆ ಈ ಮೂಲೆಗೆ. ನೋಡುತ್ತ ಕೂತರೆ ನಮಗೇ ತಲೆ ತಿರುಗುತ್ತಿತ್ತು. ಗಿರಾಕಿಗಳು ನಗುತ್ತ, ಶಿವಣ್ಣ, ನೀನೂ ಅದೂ ಒಂದೇ ಗಾಡಿಯ ಎತ್ತು ಅನ್ನುತ್ತಿದ್ದರು. ಮನುಷ್ಯನಿಗೂ ಮೀನಿಗೂ ಹೋಲಿಕೆ ಕಟ್ಟುವವರ ಬಾಯಿಗೆ ಬೂದಿ ಹಾಕಬೇಕು ಅನಿಸುತ್ತಿತ್ತು ನನಗೆ. ಉಪ್ಪು ಹೆಚ್ಚಾಗಿರುವ ಸಾರನ್ನು ಅವರ ಟೇಬಲ್ಲಿಗೇ ಕಳಿಸುತ್ತಿದ್ದೆ.

ಆಮೇಲೆ ಕೆಂಪು ಮೀನುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ನಾಯ್ಕರು ಮೊದಲು ಬೆಕ್ಕನ್ನು ಬೈದರು. ಮತ್ತೆ ನನ್ನ ಕಡೆ ತಿರುಗಿ, ದುರ್ಗಿ, ಒಗ್ಗರಣೆಗೆ ಎಂತಾದರೂ ಹಾಕಿದೆಯಾ ಎಂದು ಕೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಬಂಗಡೆಯನ್ನು ಎತ್ತಿ ತೋರಿಸಿ, ಇದನ್ನು ಬಿಟ್ಟು ಆ ಕಿರುಬೆರಳಿನಷ್ಟು ಮೀನನ್ನು ತಿನ್ನುವಷ್ಟು ಬಡವಿಯಲ್ಲ ಒಡೆಯಾ ಎಂದೆ. ಎರಡು ದಿನ ಕಳೆದು ಮಧ್ಯಾಹ್ನದ ಊಟದ ಹೊತ್ತಿಗೆ ಫಾರಿನ್ ಶಾರ್ಕ್ ಎಲ್ಲರೆದುರು ಬಾಯಲ್ಲಿ ಕೆಂಪು ಬಾಲ ಇಟ್ಟುಕೊಂಡು ಓಡಾಡಿತು. ಮೀನೂಟ ಮಾಡುತ್ತಿದ್ದವರು ಅಯ್ಯೋ ಪಾಪ ಎಂದು ಕೈ ನಿಲ್ಲಿಸಿ ನೋಡಿದರು. ನಾಯ್ಕರಿಂದ ಆ ದಿನ ಬೆಕ್ಕಿಗೆ ಮಾತ್ರ ಒಂದು ತುಂಡು ಹೆಚ್ಚು ಸಿಕ್ಕಿತು.

ಚಳಿಗಾಲ ಮುಗಿಯುವಷ್ಟರಲ್ಲಿ ಅದರ ಚಂದವೆಲ್ಲ ಹೋಯಿತು. ಗಾಜಿಗೆ ತಿಕ್ಕಿ ತಿಕ್ಕಿ ಮೂತಿ ಹಸಿಗಾಯ. ಕಪ್ಪು ರೆಕ್ಕೆಗಳು ಹರಿದ ಚಿಂದಿ. ಮೈಮೇಲೆ ಹತ್ತಿಯಂಥ ಬೂಷ್ಟು. ಪುಡಿ ಹಾಕಿದರೆ ಮೂಸಿಯೂ ನೋಡದು, ಆದರೆ ಓಡಾಟ ಮಾತ್ರ ನಿಲ್ಲದು. ಯುಗಾದಿಗೆ ಬೊಂಬಾಯಿಯ ಭಾವ ಬರುವವರಿದ್ದರು. ಅವರು ಕಳಿಸಿದ ಮೀನನ್ನು ಕೊಂದು ಕೂತಿದ್ದೇನೆಂದು ಅವರೆದುರು ತಲೆ ತಗ್ಗಿಸಲಾರೆ ಎಂದರು ನಾಯ್ಕರು. ಮತ್ತೆ ನಮ್ಮವರನ್ನು ಕರೆದು, ಮೀನು ಸತ್ತರೆ ನೀನೂ ನಿನ್ನ ಸಂಸಾರವೂ ಗಂಟುಮೂಟೆ ಕಟ್ಟಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅರೆಯುವ ಕಲ್ಲಿನ ಮೇಲೆ ನನ್ನ ಕೈ ನಿಂತೇಹೋಯಿತು. ನನ್ನ ಕಣ್ಣಿಗೆ ಕಂಡದ್ದು ಮೀನಲ್ಲ, ಅಂಗಿಯ ತೋಳು.

ಪೆಟ್ಟಿಗೆಯನ್ನೇ ತೊಳೆದು ನೋಡುವುದು ಎಂದಾಯಿತು. ನಮ್ಮವರು ಸೊಳ್ಳೆಪರದೆಯ ತುಂಡಿಗೆ ತಂತಿ ಕಟ್ಟಿ ಬಲೆ ಮಾಡಿ ಮೀನನ್ನು ಎತ್ತಿದರು. ಎತ್ತಿದ್ದೇ ತಪ್ಪು. ಅದು ಬೆನ್ನಿನ ಮುಳ್ಳನ್ನೂ ಎರಡು ಪಕ್ಕದ ಮುಳ್ಳುಗಳನ್ನೂ ನೆಟ್ಟಗೆ ನಿಲ್ಲಿಸಿಬಿಟ್ಟಿತು. ಪರದೆ ಮುಳ್ಳಿಗೆ ಸಿಕ್ಕಿ, ಬಿಡಿಸಿದಷ್ಟೂ ಬಿಗಿಯಾಯಿತು. ನಾಯ್ಕರು ನೀರಿಗೆ ಹಾಕು, ನೀರಿಗೆ ಹಾಕು ಎಂದು ಕುಣಿಯುತ್ತಿದ್ದರು. ಅಷ್ಟರಲ್ಲಿ ಅತ್ತೆ ಬುಟ್ಟಿ ಹೊತ್ತು ಒಳಗೆ ಬಂದರು. ನೋಡಿದರು, ಬುಟ್ಟಿ ಇಳಿಸಿದರು, ಮಗನನ್ನು ಪಕ್ಕಕ್ಕೆ ತಳ್ಳಿ ಸೆರಗು ಕೈಗೆ ಸುತ್ತಿಕೊಂಡು ಮೀನನ್ನು ಹಿಡಿದರು. ಮೀನು ಗೊರ್ ಗೊರ್ ಎಂದು ಗೊಣಗಿತು.

ಅದು ಗೊಣಗಿದ್ದೇ ತಡ, ಅತ್ತೆಯ ಹೆಬ್ಬೆರಳು ಬೆನ್ನಿನ ಮುಳ್ಳಿನ ಬುಡಕ್ಕೆ ಹೋಯಿತು. ಟಕ್. ಮುಳ್ಳು ಮುರಿದು ನೆಲಕ್ಕೆ ಬಿತ್ತು. ಪಕ್ಕದ ಮುಳ್ಳಿಗೂ ಬೆರಳು ಹೋಗಿತ್ತು, ಅಷ್ಟರಲ್ಲಿ ನಾನು ಅವರ ಕೈ ಹಿಡಿದೆ. ಅತ್ತೆ ತಮ್ಮ ಕೈಯನ್ನೇ ನೋಡುತ್ತ ನಿಂತುಬಿಟ್ಟರು, ಬೇರೆ ಯಾರದೋ ಕೈ ನೋಡಿದಂತೆ.

"ಇದು ಶೇಡೆ," ಎಂದರು.

ನಿಮಗೆ ಬಿಡಿಸಿ ಹೇಳಬೇಕು. ಶೇಡೆ ಎಂದರೆ ನಮ್ಮ ಕಡಲಿನ ಮೀಸೆ ಮೀನು. ಅದರ ಮೂರು ಮುಳ್ಳೂ ವಿಷ. ಚುಚ್ಚಿದರೆ ಗಂಡಸರೂ ಇಡೀ ದಿನ ಅಳುತ್ತಾರೆ. ಹಾಗಾಗಿ ಶೇಡೆ ಕೈಗೆ ಬಂದ ತಕ್ಷಣ ಮುಳ್ಳು ಮುರಿಯುವುದು, ಮಿಕ್ಕ ಮಾತು ಆಮೇಲೆ. ಹೆಚ್ಚಿನವಕ್ಕೆ ದೋಣಿಯಲ್ಲೇ ಮುರಿದಿರುತ್ತಾರೆ, ಉಳಿದವಕ್ಕೆ ದಡದಲ್ಲಿ ಹೆಂಗಸರು. ಮುಳ್ಳಿರುವ ಶೇಡೆಯನ್ನು ಅತ್ತೆ ಕಣ್ಣು ತುಂಬ ನೋಡಿದ್ದೇ ಇಲ್ಲ. ಅವರು ಕಂಡದ್ದು ಬುಟ್ಟಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಬೋಳಾಗಿ ಬಿದ್ದ ಶೇಡೆಯನ್ನು. ಗಾಜಿನೊಳಗೆ ಹೊಳೆಯುತ್ತ, ಮುಳ್ಳು ಎತ್ತಿಕೊಂಡು, ಕಪ್ಪು ರೆಕ್ಕೆ ಬೀಸುತ್ತ ಬಂದದ್ದು ಯಾರೆಂದು ಅವರ ಕಣ್ಣಿಗೆ ತಿಳಿಯಲೇ ಇಲ್ಲ. ಆ ಗೊಣಗಾಟ ಕಿವಿಗೆ ಬಿದ್ದು ಮೈ ಕೈಗೆ ತಾಗಿದಾಗ ಬೆರಳಿಗೆ ಗೊತ್ತಾಯಿತು.

ನಾಯ್ಕರ ಮುಖ ಕೆಂಪು ಕೆಂಪಾಯಿತು. ದುಡ್ಡು ಕೊಟ್ಟು ತಂದ ಮೀನಿನ ಬೆನ್ನು ಮುರಿದು, ಮೇಲಿಂದ ಅದಕ್ಕೆ ಶೇಡೆ ಅನ್ನುತ್ತಾಳೆ ಈ ಮುದುಕಿ ಎಂದು ಹಾರಾಡಿದರು. ಅತ್ತೆ ಸೋಲುವವರಲ್ಲ. ಇದು ನಮ್ಮ ಕಡಲಿನದಲ್ಲ, ಯಾವ ದೇಶದ್ದೋ, ಆದರೆ ಜಾತಿ ಶೇಡೆಯದೇ, ಶೇಡೆಯನ್ನು ಬಾವಿನೀರಿಗೆ ಹಾಕಿದರೆ ಬದುಕುವುದು ಹೇಗೆ, ಅದು ಉಪ್ಪು ಹುಡುಕಿಕೊಂಡು ಓಡುತ್ತಿದೆ ಎಂದರು. ಭಾವನಿಗೆ ಬರೆದು ಕೇಳುವಷ್ಟು ಸಮಯ ಇಲ್ಲ. ಹೋಟೆಲು ಉಳಿಯಬೇಕು, ಕೆಲಸ ಉಳಿಯಬೇಕು, ಗಂಡ ದಡದಲ್ಲಿ ಉಳಿಯಬೇಕು. ನನ್ನ ತಲೆಯಲ್ಲಿ ಅಷ್ಟೇ ಇತ್ತು. ನಾನು ಮುಂದೆ ಬಂದು, ಒಡೆಯಾ, ಒಂದು ವಾರ ಹೊಳೆಯ ಉಪ್ಪುನೀರು ಹಾಕಿ ನೋಡುತ್ತೇವೆ, ಬಂದರದ ಹತ್ತಿರ ಭರತದ ಹೊತ್ತಿಗೆ, ಕಡಲು ಉಕ್ಕಿ ಹೊಳೆಗೆ ನುಗ್ಗುವಾಗ, ಒಳ್ಳೆ ಉಪ್ಪು ಇರುತ್ತದೆ, ನಮ್ಮವರು ಹೋಗಿ ತರುತ್ತಾರೆ ಎಂದೆ.

ನಮ್ಮವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಒಂದು ತರಹದ ಭಯ ಇತ್ತು. ನಾಯ್ಕರ ಭಯವೆಂದು ತಿಳಿದೆ.

"ನಾ ಹೋಗ್ಬೇಕಾ?" ಎಂದು ಕೇಳಿದರು.

"ಮತ್ಯಾರು ಹೋಗೂದು? ನೀರು ತರೂದು ಅಂದ್ರೆ ದೋಣಿ ಹತ್ತೂದಾ?" ಎಂದೆ ನಾನು.

"ನೀ ಹೇಳ್ದೆ ಅಂತ ಹೋಗ್ತೆ," ಎಂದು ಕೊಡ ಎತ್ತಿಕೊಂಡರು.

ಹಾಗೆ ಶುರುವಾಯಿತು. ಮೊದಲ ದಿನ ಒಂದು ಚೆಂಬು ಉಪ್ಪುನೀರು, ಮರುದಿನ ಎರಡು, ಹಾಗೆ ಮೆಲ್ಲಗೆ ಹೆಚ್ಚಿಸುತ್ತ ಹೋದೆವು. ಒಮ್ಮೆಲೇ ಹೊಯ್ಯಬೇಡಿ, ಬೆಚ್ಚಿ ಬೀಳುತ್ತದೆ ಎಂದು ಅತ್ತೆ ಹೇಳಿದ್ದರು. ಹಳೆ ಪಂಚೆಯಲ್ಲಿ ನೀರು ಸೋಸಿ, ಬೆರಳು ಅದ್ದಿ ನಾಲಗೆಗೆ ತಾಗಿಸಿ, ಗಂಜಿಗೆ ಹಾಕುವ ಉಪ್ಪಿಗಿಂತ ಸ್ವಲ್ಪ ಹೆಚ್ಚಾದರೆ ಸಾಕು ಎಂದು ಲೆಕ್ಕ ಮಾಡಿಕೊಂಡೆವು. ಉಳಿದ ಪಟ್ಟೆ ಮೀನುಗಳನ್ನು ಬೇರೆ ಭರಣಿಗೆ ಹಾಕಿದೆವು. ಪುಡಿ ಬಿಟ್ಟು ಶೆಟ್ಲಿಯನ್ನು ಸುಲಿದು ಸಣ್ಣಗೆ ಹೆಚ್ಚಿ ಹಾಕಿದೆ. ಬೂಷ್ಟು ಹೋಯಿತು, ಮೂತಿ ಮಾಗಿತು, ರೆಕ್ಕೆ ಚಿಗುರಿತು. ಮುರಿದ ಮುಳ್ಳಿನ ಜಾಗದಲ್ಲಿ ಒಂದು ಮೊಂಡು ಉಳಿಯಿತು. ಯುಗಾದಿಗೆ ಬಂದ ಬೊಂಬಾಯಿಯ ಭಾವ ನೋಡಿ, ಅಲ್ಲಿನ ಅಂಗಡಿಯಲ್ಲೂ ಇಷ್ಟು ಚಂದ ಇರಲಿಲ್ಲ ಎಂದರು. ನಾಯ್ಕರು ಮೀಸೆ ತಿರುವಿದರು. ಓಡಾಟ ನಿಂತಿತ್ತು. ಮೀನು ಕಲ್ಲಿನ ಪಕ್ಕದಲ್ಲಿ ಹಾಯಾಗಿ ತೇಲುತ್ತ, ನನ್ನ ಬೆರಳು ಕಂಡರೆ ಮೇಲೆ ಬರುತ್ತಿತ್ತು.

ಗೆದ್ದೆ ಅಂದುಕೊಂಡೆ. ಆದರೆ ನೀರಿಗೆ ಹೋದ ಗಂಡಸು ತಿರುಗಿ ಬರುವ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿತ್ತು. ಮೊದಲು ಪಂಚೆಯ ಅಂಚು ಒದ್ದೆಯಾಗಿರುತ್ತಿತ್ತು, ಬರಬರುತ್ತ ಸೊಂಟದವರೆಗೆ. ಕೇಳಿದರೆ, ಜಾರಿದೆ ಎನ್ನುವುದು, ಭರತ ತಡವಾಯಿತು ಎನ್ನುವುದು. ಮೈಗೆ ಬಲೆಯ ವಾಸನೆ. ಊಟ ಮಾಡುವಾಗ ಹಮ್ಮ ಎಂಬ ಬೋಟಿನವನ ಹೆಸರು ಒಂದೆರಡು ಸಲ ಬಾಯಿಗೆ ಬಂತು. ಮಶೀನ್ ಬೋಟಿಗೆ ಅಲೆಯ ಭಯ ಕಮ್ಮಿಯಂತೆ ಎಂದರು ಒಂದು ದಿನ, ಯಾರಿಗೂ ಅಲ್ಲ ಎಂಬಂತೆ. ನಾನು ತಟ್ಟೆಯನ್ನು ಕುಕ್ಕಿ ಎದ್ದುಹೋದೆ.

ಮಳೆ ಹಿಡಿಯಿತು. ಗೇರುಸೊಪ್ಪದ ಕಡೆಯಿಂದ ಕೆಂಪು ನೀರು ಇಳಿದು ಶರಾವತಿ ಬಂದರದವರೆಗೂ ಸಿಹಿಯಾಯಿತು. ನಮ್ಮವರು ತಂದ ನೀರನ್ನು ನಾಲಗೆಗೆ ತಾಗಿಸಿದರೆ ಸಪ್ಪೆ. ಮೀನು ಮತ್ತೆ ಆ ಮೂಲೆ ಈ ಮೂಲೆ ಓಡತೊಡಗಿತು. ಕಡಲಿನ ಅಂಚಿಗೇ ಹೋಗಿ ತರುತ್ತೇನೆ ಎಂದು ಅವರು ಹೇಳುವ ಮೊದಲೇ ನಾನು ಬೇಡ ಎಂದೆ. ಕುಮಟೆ ಕಡೆಯ ಸಾಣಿಕಟ್ಟೆ ಉಪ್ಪು ಅಡಿಗೆಮನೆಯಲ್ಲಿ ಗೋಣಿಗಟ್ಟಲೆ ಇತ್ತಲ್ಲ. ಅವರು ಇಲ್ಲದ ಹೊತ್ತು ನೋಡಿ ಒಂದು ಬೊಗಸೆ ಉಪ್ಪನ್ನು ತಂದು ಪೆಟ್ಟಿಗೆಗೆ ಸುರಿದೆ. ಕಡಲನ್ನು ಬೊಗಸೆಯಲ್ಲಿ ತಂದೆ ಎಂಬ ಹುಚ್ಚು ಧೈರ್ಯ. ಮೀನು ಒಮ್ಮೆ ಸೆಟೆದು, ಪಕ್ಕಕ್ಕೆ ವಾಲಿ, ತಳಕ್ಕೆ ಹೋಗಿ ಬಿದ್ದಿತು.

ಕಿರುಚಿದೆನೋ ಎಂತೋ, ನಮ್ಮವರು ಓಡಿ ಬಂದರು. ಬಕೆಟಿನಿಂದ ಬಾವಿನೀರು ಹಾಕಿ, ಉಪ್ಪಿನ ನೀರು ತೆಗೆದು, ಎರಡೂ ಅಂಗೈಯಲ್ಲಿ ಮೀನನ್ನು ನಿಲ್ಲಿಸಿ ಹಿಡಿದುಕೊಂಡು ಪಂಪಿನ ಗಾಳಿ ಬರುವ ಕಡೆಗೆ ಮುಖ ಮಾಡಿಸಿದರು. ಮೊಂಡಾದ ಬೆನ್ನು ಅವರ ಬೆರಳುಗಳ ನಡುವೆ ಇತ್ತು. ಎಷ್ಟೋ ಹೊತ್ತಿನ ಮೇಲೆ ಅದರ ಕಿವಿರು ಸಮವಾಗಿ ಆಡಿತು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನನಗೇ ಸೋಲಬೇಕಾಯಿತು. ಆತು, ಕಡಲಿನ ನೀರೇ ತನ್ನಿ ಎಂದೆ.

ಮಳೆಗಾಲ ಪೂರ್ತಿ ಅವರು ಹೊಳೆ ಕಡಲು ಸೇರುವ ಅಳಿವೆಯ ಬಾಯಿಯವರೆಗೆ ನಡೆದು, ಅಲೆ ಒಡೆಯುವ ಜಾಗದಿಂದ ಎರಡು ಕೊಡ ತರುತ್ತಿದ್ದರು. ನೂಲಹುಣ್ಣಿಮೆ ಬಂತು. ಮೊಗೇರರೆಲ್ಲ ಕಡಲಿಗೆ ಕಾಯಿ ಬಿಟ್ಟು ಪೂಜೆ ಮಾಡಿದರು. ಬೋಟುಗಳು ಇಳಿದವು. ಅದಾಗಿ ಕೆಲವು ದಿನದ ಮೇಲೆ ಒಂದು ಬೆಳಿಗ್ಗೆ ನೀರಿಗೆ ಹೋದವರು ಊಟದ ಹೊತ್ತಾದರೂ ಬರಲಿಲ್ಲ. ನಾನು ಅರೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿದೆ.

ಅಳಿವೆಯ ಹತ್ತಿರ ಮಗುಚಿ ಹಾಕಿದ್ದ ಒಂದು ದೋಣಿಯ ನೆರಳಲ್ಲಿ ಎರಡು ಕೊಡ ಇದ್ದವು. ಕಂಠದವರೆಗೆ ತುಂಬಿದ್ದವು. ಮರಳು ಬೀಳದಂತೆ ಎರಡರ ಬಾಯಿಗೂ ಪಂಚೆಯ ತುಂಡು ಕಟ್ಟಿತ್ತು. ಪಕ್ಕದಲ್ಲಿ ಒಣಮೀನು ತಿರುವುತ್ತಿದ್ದ ಹೆಂಗಸು ನನ್ನನ್ನು ನೋಡಿ, ನೀನು ಶಿವನ ಹೆಂಡತಿಯಾ, ಕೊಡ ತಕೊಂಡು ಹೋಗಲು ಬರುತ್ತಾಳೆ ಎಂದು ಹೇಳಿಹೋಗಿದ್ದಾನೆ, ಹಮ್ಮನ ಬೋಟಿಗೆ ಒಬ್ಬ ಕಮ್ಮಿ ಇದ್ದ, ಅದನ್ನೇ ಹತ್ತಿ ಹೋದ ಎಂದಳು. ನಾನು ಅಲ್ಲೇ ಕುಕ್ಕರಿಸಿದೆ. ಹೇಳದೆ ಓಡಿಹೋಗಿದ್ದರೆ ನಾಲ್ಕು ಶಾಪ ಹಾಕಿ ಹಗುರಾಗುತ್ತಿದ್ದೆ. ಬಾಯಿ ಕಟ್ಟಿಟ್ಟ ಆ ಕೊಡಗಳನ್ನು ನೋಡಿ ಅಳು ಬಂತು.

ಎಂತ ಮಾಡಲಿ, ಒಂದನ್ನು ತಲೆಗೆ, ಒಂದನ್ನು ಸೊಂಟಕ್ಕೆ ಏರಿಸಿಕೊಂಡು ಬಂದೆ. ಅವರಿಗೆ ಜ್ವರ ಎಂದು ನಾಯ್ಕರಿಗೆ ಸುಳ್ಳು ಹೇಳಿದೆ. ನೀರು ಬದಲಾಯಿಸಿದೆ, ಶೆಟ್ಲಿ ಹೆಚ್ಚಿ ಹಾಕಿದೆ. ಮೀನು ತಣ್ಣಗೆ ಮೇಲೆ ಬಂದು ತಿಂದಿತು. ನಿನ್ನ ವಂಶ ಹಾಳಾಗಲಿ ಎಂದು ಬೈದೆ. ಆಮೇಲೆ ಗಾಜನ್ನು ಒರೆಸಿದೆ.

ಸಂಜೆ ಅವರು ಬಂದರು. ಮುಖ ಬಿಸಿಲಿಗೆ ಕಪ್ಪಾಗಿತ್ತು. ಕೈಯಲ್ಲಿ ಬಾಳೆನಾರಿಗೆ ಪೋಣಿಸಿದ ಮೀನು. ಅತ್ತೆ ಅದನ್ನು ತೆಗೆದುಕೊಂಡು ಒಲೆಯ ಕಡೆ ಹೋದರು. ನಾನು ಬಿಡಲಿಲ್ಲ.

"ನನ್ ತಲೆ ಇನ್ನೂ ಇಲ್ಲೇ ಅದೆ. ಇದ್ರ ಮೇಲೆ ಕೈಯಿಟ್ಟು ಆಣೆ ಹಾಕ್ದವ್ರು ನೀವೇ ಅಲ್ದಾ? ನಾ ಸತ್ರೂ ಅಡ್ಡಿಲ್ಲ ಅಂತ್ಲಾ?"

ಅವರು ಗೋಡೆಗೆ ಒರಗಿ ಕೂತರು. "ಅದು ಶೇಡೆ ಅಂತ ನಂಗೆ ಮೊದ್ಲ ದಿನವೇ ಗೊತ್ತಿತ್ತು," ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೊತ್ತಿದ್ದೂ ಎಂತಕ್ಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಉಪ್ಪುನೀರು ಬೇಕಾಗ್ತಿತ್ತು. ತರೂಕೆ ನಾನೇ ಹೋಗ್ಬೇಕಾಗ್ತಿತ್ತು. ಕಡ್ಲು ಕಂಡ್ರೆ ತಿರ್ಗಿ ಬರೂಕೆ ನನ್ ಹತ್ರ ಆಗೂದಿಲ್ಲ. ಅದು ಸತ್ರೆ ಸಾಯ್ಲಿ ಅಂತ ಬಾಯಿ ಮುಚ್ಕಂಡಿದ್ದೆ, ನಿನ್ ತಲೆ ಸಲುವಾಗಿ. ಕಳ್ಸಿದ್ದು ನೀನು." ನೆಲ ನೋಡುತ್ತ ಹೇಳಿದರು: "ದಡದಲ್ಲಿದ್ರೆ ನಂಗೆ ಆ ಅಂಗಿ ತೋಳು ಒಂದೇ ಕಾಣ್ತದೆ, ದುರ್ಗಿ. ಬೋಟಲ್ಲಿ ಅಣ್ಣ ಕಾಣ್ತ."

ನಾನು ಎದ್ದು ತಟ್ಟೆ ಇಟ್ಟೆ. ಅವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಚಾಪೆಗೆ ಬಿದ್ದವರು ಹೊರಳಲಿಲ್ಲ, ಕೈ ಆಡಿಸಲಿಲ್ಲ, ಮಗುವಿನ ಹಾಗೆ ಮಲಗಿಬಿಟ್ಟರು. ಎದ್ದು ಕೂತಿದ್ದವಳು ನಾನು.

ಬೆಳಿಗ್ಗೆ ಅವರು ಹೊರಟಾಗ ನಾನೂ ಕೊಡ ಹಿಡಿದು ಜೊತೆಗೆ ಹೋದೆ. ಆಣೆಯ ಮಾತು ಇಬ್ಬರೂ ಎತ್ತಲಿಲ್ಲ. ಹಮ್ಮನ ಬೋಟು ಅಳಿವೆಯ ಅಲೆಗಳನ್ನು ದಾಟುವಾಗ ಒಮ್ಮೆ ಮುಳುಗಿದಂತೆ ಕಂಡು ಮತ್ತೆ ಮೇಲೆದ್ದಿತು. ನಾನು ನೀರು ತುಂಬಿಸಿಕೊಂಡು ಹೋಟೆಲಿಗೆ ಹೋಗಿ, ಇನ್ನು ಮೀನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನಾಯ್ಕರಿಗೆ ಹೇಳಿದೆ. ಅವರು ಹೂಂ ಎಂದರು. ಅವರಿಗೆ ಮೀನು ಬದುಕಿದ್ದರೆ ಸಾಕಾಗಿತ್ತು.

ಮಧ್ಯಾಹ್ನ ಕೋಣೆಗೆ ಬಂದಾಗ ಅತ್ತೆ ಇನ್ನೂ ಪೇಟೆಯಿಂದ ಬಂದಿರಲಿಲ್ಲ. ಒಲೆ ಹಚ್ಚಿ ನೀರಿಟ್ಟು ಕುದಿಸಿದೆ. ಅಕ್ಕಿಯ ಡಬ್ಬಿ ತೆಗೆದೆ. ನಮ್ಮವರು ಸಂಜೆ ಬರುತ್ತಾರೋ, ರಾತ್ರಿಯಾಗುತ್ತದೋ, ಬೋಟಿನಲ್ಲೇ ಉಣ್ಣುತ್ತಾರೋ ಎಂದು ಕೈ ಅಲ್ಲೇ ನಿಂತಿತು. ಇಬ್ಬರಿಗೆ ಹಾಕಲೋ, ಮೂವರಿಗೆ ಹಾಕಲೋ? ಅಷ್ಟರಲ್ಲಿ ಅತ್ತೆ ಬಂದು ಬಾಗಿಲಲ್ಲಿ ಬುಟ್ಟಿ ಇಳಿಸಿದರು. ನನ್ನ ಕೈ ನೋಡಿದರು. ಇಷ್ಟು ವರ್ಷ ನಾನು ಜಗಳ ಮಾಡಿ ಮಾಡಿ ಕೇಳಿದ್ದಕ್ಕೆ ಆಗ ಉತ್ತರ ಕೊಟ್ಟರು.

"ಕಡ್ಲಿಗೆ ಹೋದವ್ನ ಅಕ್ಕಿ ಕಮ್ಮಿ ಮಾಡೂಕಿಲ್ಲ ದುರ್ಗಿ. ಕಮ್ಮಿ ಮಾಡ್ದ ದಿನ ನಾವೇ ಅವ್ನ ಕಳ್ಸಿಕೊಟ್ಟ ಹಂಗೆ."

ನನ್ನ ಪಾಲು ಹಾಕಿದೆ. ಅತ್ತೆಯ ಪಾಲು ಹಾಕಿದೆ. ನಮ್ಮವರ ಪಾಲನ್ನು ಸ್ವಲ್ಪ ಹೆಚ್ಚೇ ಹಾಕಿದೆ. ಡಬ್ಬಿ ಮುಚ್ಚಬೇಕು ಎಂದುಕೊಳ್ಳುವಷ್ಟರಲ್ಲಿ ನನ್ನ ಕೈ ತಾನಾಗಿಯೇ ಡಬ್ಬಿಯೊಳಗೆ ಹೋಗಿ ಗಣಪ ಭಾವನದೂ ಒಂದು ಹಿಡಿ ತಂದು ಕುದಿಯುವ ನೀರಿಗೆ ಬಿಟ್ಟಿತು. ಅತ್ತೆ ಅದನ್ನು ನೋಡಿ ಬುಟ್ಟಿ ತೊಳೆಯಲು ಹೋದರು. ನಾನು ಸೌದೆಯನ್ನು ಮುಂದಕ್ಕೆ ತಳ್ಳಿ, ಬಸ್ಸುಗಳ ಸದ್ದಿನ ನಡುವೆ ಕಡಲು ಕೇಳುತ್ತದೋ ಎಂದು ಕಿವಿಗೊಟ್ಟು ಕೂತೆ.